ಸಾವಿನ ಮನೆಗೆ ಹೋಗುವಾಗ

ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಗನ ಸ್ನೇಹಿತನ ತಂದೆ ತೀರಿಕೊಂಡರು. "ಚಿಕ್ಕಮ್ಮ, ಏನು ಹಾಕ್ಕೊಂಡು ಹೋಗ್ಲಿ? ಅಲ್ಲಿ ಏನು ಮಾತಾಡ್ಲಿ?" ಅಂತ ಅಕ್ಕನ ಮಗ ಫೋನ್ ಮಾಡಿದ. ಮದುವೆ, ಆರತಕ್ಷತೆಗೆ ಹೇಗೆ ಹೋಗಬೇಕೆಂದು ಈ ಹುಡುಗರಿಗೆ ಚೆನ್ನಾಗಿ ಗೊತ್ತು. ಇದನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಮಂಡ್ಯದ ಕಡೆಯ ಹಳ್ಳಿಯಲ್ಲಿ ನಾವು ಅಮ್ಮನ ಜೊತೆ ಹೋಗಿ, ನೋಡಿ ಕಲಿತೆವು. ಪಟ್ಟಣದಲ್ಲಿ ಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ, ಇನ್ನು ಕಲಿಯುವುದೆಲ್ಲಿ?

ಬಟ್ಟೆ ಬಿಳಿಯದೇ ಆಗಬೇಕೆಂದೇನಿಲ್ಲ. ಮಾಸಲು ಬಣ್ಣದ ಹತ್ತಿ ಅಂಗಿ, ಸಾದಾ ಪ್ಯಾಂಟು ಸಾಕು. ಹೆಂಗಸರಾದರೆ ಜರಿ ಇಲ್ಲದ ಸೀರೆ, ತಲೆಗೆ ಹೂವು ಬೇಡ. ಸೆಂಟು ಹಾಕಲೇಬೇಡಿ. ಆಫೀಸಿನಿಂದ ನೇರವಾಗಿ ಹೋಗುವುದಾದರೆ ಕೊರಳಿನ ಐಡಿ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಹಾರ ತಂದಿದ್ದರೆ ಹಾಕಿ, ಕೈಮುಗಿದು, ಪಕ್ಕಕ್ಕೆ ಸರಿಯಿರಿ. ಹಿಂದೆ ಜನ ಕಾಯುತ್ತಿರುತ್ತಾರೆ. ಹೆಣದ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಮುಖವನ್ನು ಹಾಗೆ ನೋಡಬೇಕೆಂದು ಯಾರು ಕೇಳಿದ್ದರು?

ಮಾತು ಜಾಸ್ತಿ ಬೇಕಿಲ್ಲ. ಸ್ನೇಹಿತನ ಪಕ್ಕ ಕೂತು ಕೈ ಹಿಡಿದರೆ ಆಯ್ತು. "ಹೇಗಾಯ್ತು? ಯಾವ ಆಸ್ಪತ್ರೆ? ಮೊದಲೇ ತೋರಿಸಬಾರದಿತ್ತಾ?" ಅಂತ ಬಂದವರೆಲ್ಲ ಕೇಳುತ್ತಾರೆ. ಮಗ ಬೆಳಗಿನಿಂದ ಅದನ್ನೇ ನೂರು ಸಲ ಹೇಳಿ ಸೋತಿರುತ್ತಾನೆ. ತಿಳಿಯಲೇಬೇಕಿದ್ದರೆ ಹೊರಗೆ ಶಾಮಿಯಾನದಡಿ ಕೂತ ನೆಂಟರನ್ನು ಕೇಳಿ. "ವಯಸ್ಸಾಗಿತ್ತಲ್ಲ ಬಿಡಿ" ಅನ್ನುವುದೂ ಬೇಡ. ಎಂಬತ್ತಾದರೂ ಅಪ್ಪ ಅಪ್ಪನೇ ಅಲ್ವಾ? ಹೊರಡುವಾಗ "ಹೋಗಿ ಬರ್ತೀನಿ" ಅನ್ನುವ ಪದ್ಧತಿ ಇಲ್ಲ. ಸುಮ್ನೆ ಎದ್ದು ಬನ್ನಿ.

ಕಾಫಿ, ತಿಂಡಿಯನ್ನು ಆ ಮನೆಯಿಂದ ನಿರೀಕ್ಷಿಸಬಾರದು. ನಮ್ಮ ಕಡೆ ಹೆಣ ಎತ್ತುವವರೆಗೆ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಉಪ್ಪಿಟ್ಟು, ಕಾಫಿ ಮಾಡಿ ಕಳಿಸುತ್ತಾರೆ. ಅದು ಮೊದಲು ಮನೆಯವರ ಹೊಟ್ಟೆಗೆ ಹೋಗಬೇಕು. ಬಂದವರು ಫ್ಲಾಸ್ಕಿನ ಸುತ್ತ ಗುಂಪು ಕಟ್ಟಿದರೆ ಅವರಿಗೆ ಏನು ಉಳಿಯುತ್ತದೆ?

ತಿಥಿ ಊಟದ ವಿಷಯ ಬೇರೆ. ಕರೆದರೆ ಹೋಗಬೇಕು, ಕೂತು ಉಣ್ಣಬೇಕು. ಮುಖ ತೋರಿಸಿ, ಊಟದ ಹೊತ್ತಿಗೆ ಜಾರಿಕೊಳ್ಳುವುದು ಸರಿಯಲ್ಲ. ಹೋದವರ ಹೆಸರಿನಲ್ಲಿ ಹಾಕುವ ಅನ್ನ ಅದು. ಪುನೀತ್ ರಾಜ್‌ಕುಮಾರ್ ಹೋದಾಗ 2021ರ ನವೆಂಬರ್ 9ರಂದು ಅರಮನೆ ಮೈದಾನದಲ್ಲಿ ಅವರ ಮನೆಯವರು ಅಭಿಮಾನಿಗಳಿಗೆ ಅನ್ನಸಂತರ್ಪಣೆ ಮಾಡಿದರು. ಸಾವಿರಾರು ಜನ ಊಟ ಮಾಡಿದರು. ಅಲ್ಲಿಗೆ ಬಂದವರು ಊಟ ಸಿಗದೆ ಬಂದವರಲ್ಲ. ಹೋದವರಿಗೆ ಗೌರವ ಕೊಡುವ ದಾರಿ ಅದು.

ನಮ್ಮಲ್ಲಿ ಹನ್ನೊಂದನೇ ದಿನದ ತಿಥಿಗೆ ಬಾಡೂಟ ಹಾಕುವವರು ಬಹಳ. ಮುದ್ದೆ ಮುರಿಯುತ್ತಾ "ಪೀಸ್ ಕಮ್ಮಿ", "ಸಾರು ಖಾರ" ಅಂತ ಮಾತಾಡುವುದು ಬಡಿಸುವ ಮಗನ ಕಿವಿಗೆ ಬೀಳುತ್ತದೆ. ಬೇಕಾದಷ್ಟು ಹಾಕಿಸಿಕೊಳ್ಳಿ, ಎಲೆಯಲ್ಲಿ ಬಿಡಬೇಡಿ. ಎಲೆ ಮಡಿಸುವುದರಲ್ಲಿ ಒಂದೊಂದು ಊರಿಗೆ ಒಂದೊಂದು ಕ್ರಮ. ಪಕ್ಕದ ಹಿರಿಯರು ಮಾಡಿದ ಹಾಗೆ ಮಾಡಿ. ದುಡ್ಡು ಕೊಡುವುದಿದ್ದರೆ ಮದುವೆಯ ಮುಯ್ಯಿಯಂತೆ ಮೇಲೊಂದು ರೂಪಾಯಿ ಸೇರಿಸಬೇಡಿ. ₹500 ಅಂದರೆ ₹500. ಕವರು ಬೇಕಿಲ್ಲ, ಮನೆಯ ಹಿರಿಯರ ಕೈಗೆ ಕೊಟ್ಟರಾಯ್ತು.

ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಮನೆಯಲ್ಲೇ ಸಾವಾದರೆ 21 ದಿನದೊಳಗೆ ನೋಂದಾಯಿಸಬೇಕು. ಬ್ಯಾಂಕು, ಪಿಂಚಣಿ, ವಿಮೆ ಎಲ್ಲದಕ್ಕೂ ಮರಣ ಪ್ರಮಾಣಪತ್ರ ಕೇಳುತ್ತಾರೆ. ಅಳುವ ಮನೆಯಲ್ಲಿ ಇದು ಯಾರಿಗೂ ನೆನಪಿರುವುದಿಲ್ಲ. "ಆಧಾರ್ ಜೆರಾಕ್ಸ್ ಕೊಡು, ನಾನು ಹೋಗಿ ವಿಚಾರಿಸ್ತೀನಿ" ಅಂತ ನಿನ್ನ ಸ್ನೇಹಿತನಿಗೆ ಹೇಳು ಅಂದೆ. ಸೋಮವಾರ ರಜಾ ಹಾಕಿ ಇಬ್ಬರೂ ಹೋಗುತ್ತಿದ್ದಾರೆ.