ಕುಟ್ಟಾಣಿಯ ಪರೀಕ್ಷೆ

ಚಿಕ್ಕಮಗಳೂರಿನ ನಮ್ಮ ಮನೆಯ ಮೇಲೆ ನನ್ನ ತಮ್ಮ ಬಾಡಿಗೆಗೆಂದು ಒಂದರ ಮೇಲೊಂದು ಎರಡು ಮನೆ ಕಟ್ಟಿಸಿದ. ಹಳೆಯ ತಳಪಾಯಕ್ಕೆ ಭಾರ ಹೆಚ್ಚಾಗಬಾರದೆಂದು ಎಂಜಿನಿಯರ್ ಹೇಳಿದ್ದರಿಂದ ಅವೆರಡರ ನಡುವೆ ಆರ್‌ಸಿಸಿ ಇಲ್ಲ. ಕಬ್ಬಿಣದ ತೊಲೆ, ಮೇಲೆ ಸಿಮೆಂಟ್ ಬೋರ್ಡ್, ರಬ್ಬರ್ ಹಾಸು, ಮತ್ತೊಂದು ಬೋರ್ಡ್, ಟೈಲ್ಸ್. ತೊಲೆಗಳ ಸಂದಿನಲ್ಲಿ ರಾಕ್ ವೂಲ್, ಅವುಗಳ ಕೆಳಗೆ ಎರಡು ಪದರ ಜಿಪ್ಸಮ್ ಬೋರ್ಡ್.

ಅಮ್ಮನಿಗೆ ಈ ಹಲಗೆ ಕೆಲಸದಲ್ಲಿ ನಂಬಿಕೆ ಹುಟ್ಟಲಿಲ್ಲ. "ಬೆಂಕಿ ಬಿದ್ದರೆ?" ಎಂದರು. ಬೋರ್ಡ್ ಮಾರುವ ಹುಡುಗ ತಾಳ್ಮೆಯವನು. ಜಿಪ್ಸಮ್‌ನ ತೂಕದಲ್ಲಿ ಐದನೇ ಒಂದು ಪಾಲು ನೀರೇ, ಅದು ಆವಿಯಾಗಿ ಮುಗಿಯುವವರೆಗೆ ಬಿಸಿ ಮೇಲೇರದು ಎಂದ. ಕಲ್ಲು ಕರಗಿಸಿ ಬೊಂಬಾಯಿ ಮಿಠಾಯಿಯಂತೆ ಎಳೆದ ರಾಕ್ ವೂಲ್ ಹೊತ್ತಿಕೊಳ್ಳುವುದೇ ಇಲ್ಲವಂತೆ. "ನಮ್ಮಜ್ಜನ ಮನೆಯ ಅಟ್ಟದ ಹಲಗೆಯ ಮೇಲೆ ಮಣ್ಣು ಮೆತ್ತಿದ್ದರು, ಇದಕ್ಕೇ ಅಲ್ಲವೇ?" ಎಂದು ಅಮ್ಮ ಅವನ ಭಾಷಣಕ್ಕೆ ತೆರೆ ಎಳೆದರು.

ಇನ್ನು ಸದ್ದು. ಅಮ್ಮ ಮೇಲಿನ ಮನೆಗೆ ಹೋದರು, ನಾವು ಕೆಳಗೆ ನಿಂತೆವು. ರೇಡಿಯೋ ಹಚ್ಚಿದರಂತೆ, ನಮಗೆ ಕೇಳಿಸಲೇ ಇಲ್ಲ. ಹುಡುಗ ನಕ್ಕ. ಆಮೇಲೆ ಕುಟ್ಟಾಣಿಯಲ್ಲಿ ಮೆಣಸು ಕುಟ್ಟತೊಡಗಿದರು. ಡಣ್, ಡಣ್, ನಮ್ಮ ನೆತ್ತಿಯ ಮೇಲೇ. ಹುಡುಗನ ನಗು ಮಾಯವಾಯಿತು.

ಮೇಸ್ತ್ರಿ ಮೊಬೈಲ್ ಟಾರ್ಚ್ ಹಿಡಿದು ಗೋಡೆಯಂಚಿನಲ್ಲಿ ಮಲಗಿದ. ನೆಲ ಗೋಡೆಗೆ ತಾಗಬಾರದೆಂದು ಸುತ್ತಲೂ ಇಟ್ಟಿದ್ದ ಫೋಮ್ ಪಟ್ಟಿಯನ್ನು ಟೈಲ್ಸ್ ಹಾಕಿದವರು ಕೊಯ್ದು, ನೋಡಲು ಚೆನ್ನಾಗಿರಲೆಂದು ಟೈಲ್ಸ್ ಸಂದಿಗೆ ಹಾಕುವ ಗಟ್ಟಿ ಗಾರೆ, ಗ್ರೌಟ್, ತುಂಬಿದ್ದರು. ನೆಲವನ್ನು ಗೋಡೆಗೆ ಬಿಗಿದ ಮೇಲೆ ಅಡಿಯಲ್ಲಿ ಎಷ್ಟು ರಬ್ಬರ್ ಇದ್ದರೇನು? ಪೆಟ್ಟು ರಬ್ಬರನ್ನು ತಪ್ಪಿಸಿಕೊಂಡು ಗೋಡೆಯಿಂದಲೇ ಇಳಿಯುತ್ತಿತ್ತು.

ಮಧ್ಯಾಹ್ನವಿಡೀ ಗ್ರೌಟ್ ಕೆರೆದರು. ಆಗ ಬಚ್ಚಲಿನ ಪೈಪಿನ ಪಕ್ಕ ಕೆಳಮನೆಯ ಬೆಳಕು ಕಂಡಿತು. ಸಂದಿಗೆ ಸಿಮೆಂಟ್ ಚೀಲದ ಕಾಗದ ತುರುಕಿದ್ದರು! ಬೆಂಕಿ ತಡೆಯಲೆಂದೇ ದುಡ್ಡು ಸುರಿದ ನೆಲಕ್ಕೆ ಕಾಗದದ ಬಿರಡೆ. ಪಿವಿಸಿ ಪೈಪೂ ಕರಗುವಂಥದ್ದೇ. ಬಿಸಿಗೆ ಉಬ್ಬಿ ತೂತು ಮುಚ್ಚುವ ಪಟ್ಟಿಯೊಂದಿದೆ, ಪೈಪಿಗೆ ಬಳೆಯಂತೆ ತೊಡಿಸಬೇಕು ಎಂದ ಹುಡುಗ. ಬೆಲೆ ಕೇಳಿ ತಮ್ಮ ಗೊಣಗಿದ. ನಾನು ಬಿಡಲಿಲ್ಲ.

ಗೋಡೆಯಂಚಿಗೆ ಹೊಸ ಪಟ್ಟಿ ಕೂರಿಸಿ, ಮೇಲೆ ಮೆತ್ತನೆಯ ಸೀಲೆಂಟ್ ಎಳೆದ ಮೇಲೆ ಅಮ್ಮ ಮತ್ತೆ ಕುಟ್ಟಿದರು. ಈಗ ಸದ್ದು ಪಕ್ಕದ ಬೀದಿಯಿಂದ ಬಂದಂತಿತ್ತು. ಪೂರ್ತಿ ನಿಂತಿಲ್ಲ, ಕುರ್ಚಿ ಎಳೆದರೆ ತಿಳಿಯುತ್ತದೆ. ಎರಡು ಸಲ ಕುಟ್ಟಿದ ಮೆಣಸು ರಾತ್ರಿಯ ಸಾರಿಗಾಯಿತು. ಹುಡುಗನೂ ಉಂಡೇ ಹೋದ.