ಬೆಟ್ಟದ ಮೇಲೆ ಮುಗಿದ ಓದು

ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು, ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದವನು ಮತ್ತೆ ದುರ್ಗಕ್ಕೆ ಮರಳಲಿಲ್ಲ ಎಂಬುದನ್ನು ನಮ್ಮ ಸೀಮೆಯ ಮಕ್ಕಳು ಶಾಲೆಗೆ ಸೇರುವ ಮೊದಲೇ ಮನೆಯಲ್ಲಿ ಕೇಳಿರುತ್ತಾರೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಕೈಗೆತ್ತಿಕೊಳ್ಳುವ ಯಾವ ಓದುಗನಿಗೂ ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಅಲ್ಲಿ ಆಸ್ಪದವಿಲ್ಲ. ಹೀಗಿದ್ದೂ ಈ ಬೇಸಿಗೆಯಲ್ಲಿ ಅದನ್ನು ಓದುತ್ತ ಕೊನೆಯ ಭಾಗಕ್ಕೆ ಬಂದಾಗ ನನ್ನ ಓದು ತಾನಾಗಿಯೇ ನಿಧಾನವಾಯಿತು. ಒಂದು ಅಧ್ಯಾಯ ಮುಗಿಸಿ ಪುಸ್ತಕ ಮುಚ್ಚಿಡುತ್ತಿದ್ದೆ, ಮರುದಿನ ತೆರೆಯಲು ಮನಸ್ಸು ಒಪ್ಪುತ್ತಿರಲಿಲ್ಲ. ಓದದೆ ಉಳಿಸಿದಷ್ಟು ದಿನ ಕೋಟೆ ಉಳಿಯುತ್ತದೆ ಎಂಬಂಥ ನಂಬಿಕೆ ಒಳಗೆಲ್ಲೋ ಕೆಲಸ ಮಾಡುತ್ತಿತ್ತು. ಜನಪ್ರಿಯ ಕಾದಂಬರಿಯೊಂದು ಓದುಗರಿಂದ ಇಷ್ಟನ್ನು ಪಡೆಯಬಲ್ಲದಾದರೆ ಅದನ್ನು ಹೊತ್ತು ಕಳೆಯುವ ಓದು ಎಂದು ಪಕ್ಕಕ್ಕೆ ಸರಿಸುವವರ ಮಾತನ್ನು ನಾನು ಒಪ್ಪಲಾರೆ.

ನಾನು ದಾವಣಗೆರೆಯಲ್ಲಿ ಇರುವವಳು. ತಾಯಿಯ ತವರು ಮಾಯಕೊಂಡದ ಕಡೆ. 1748ರ ಸುಮಾರಿಗೆ ಹರಪನಹಳ್ಳಿಯವರ ವಿರುದ್ಧದ ಕಾಳಗದಲ್ಲಿ ದುರ್ಗದ ಹಿಂದಿನ ಅರಸ ಹಿರೇಮದಕರಿ ನಾಯಕ ಬಿದ್ದದ್ದು ಅದೇ ಮಾಯಕೊಂಡದಲ್ಲಿ. ಆ ಊರಿನ ಹೊಲಗಳ ಬದುವಿನ ಮೇಲೆ ಓಡಾಡಿ ಬೆಳೆದ ನಮಗೆ ದುರ್ಗದ ನಾಯಕರೆಂದರೆ ಪಠ್ಯಪುಸ್ತಕದ ಪಾಠಕ್ಕಿಂತ ಹತ್ತಿರದ ಸಂಗತಿ. ತ.ರಾ.ಸು. ಕೂಡ ಈ ಕಡೆಯವರೇ. 1920ರಲ್ಲಿ ಅವರು ಹುಟ್ಟಿದ್ದು ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ, ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೆ ಇವೆಲ್ಲ ಒಂದೇ ಚಿತ್ರದುರ್ಗ ಜಿಲ್ಲೆಯಾಗಿತ್ತು. ನಮ್ಮ ಮನೆಯ ಹಿರಿಯರು ಅವರ ಕಾದಂಬರಿಗಳನ್ನು ಬಾಡಿಗೆ ಗ್ರಂಥಾಲಯದಿಂದ ತಂದು, ಸರದಿಯ ಮೇಲೆ ಓದಿ, ಊಟದ ಹೊತ್ತಿನಲ್ಲಿ ಅದರ ಪಾತ್ರಗಳ ಬಗ್ಗೆ ನೆರೆಹೊರೆಯವರ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದರು. ಅನಕೃ, ನಿರಂಜನ, ಕಟ್ಟೀಮನಿಯವರ ಜೊತೆ ಪ್ರಗತಿಶೀಲ ಚಳವಳಿಯಲ್ಲಿ ನಿಂತ ಈ ಲೇಖಕ ಜನ ಓದಬೇಕೆಂದೇ ಬರೆದರು, ಜನ ಓದಿದರು. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅದನ್ನು ಸ್ವೀಕರಿಸಲು ಅವರು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಓದುವಾಗ ನನ್ನನ್ನು ಮೊದಲು ಹಿಡಿದದ್ದು ಯುದ್ಧವಲ್ಲ, ಹುಡುಗ ಮದಕರಿಯ ವಯಸ್ಸು. ಕಸ್ತೂರಿ ರಂಗಪ್ಪ ನಾಯಕ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ಜಾನಕಲ್ಲಿನ ಭರಮಪ್ಪ ನಾಯಕನ ಮಗನನ್ನು ಕರೆತಂದು 1754ರಲ್ಲಿ ಪಟ್ಟ ಕಟ್ಟಿದರು. ಆಗ ಅವನಿಗೆ ಹನ್ನೆರಡು ವರ್ಷ. ನಮ್ಮ ಕಾಲದಲ್ಲಿ ಏಳನೆಯ ತರಗತಿಯಲ್ಲಿ ಕೂರಬೇಕಾದ ಹುಡುಗ. ರಾಜಮಾತೆ ಓಬವ್ವ ನಾಗತಿಯ ರಕ್ಷಣೆಯಲ್ಲಿ, ಪ್ರಧಾನಿ ಕಳ್ಳಿ ನರಸಪ್ಪಯ್ಯನಂಥವರ ಬುದ್ಧಿವಾದದಲ್ಲಿ ಅವನು ಬೆಳೆಯುತ್ತಾನೆ. ಅವನ ಜೊತೆಗೆ ಓದುಗರೂ ಬೆಳೆಯುತ್ತಾರೆ. ತ.ರಾ.ಸು. ಅವರ ಜಾಣ್ಮೆ ಇರುವುದು ಇಲ್ಲಿ ಎಂದು ನನಗೆ ಅನ್ನಿಸಿತು. ಸೋಲಲಿರುವ ಅರಸನನ್ನು ನೇರವಾಗಿ ಯುದ್ಧಭೂಮಿಯಲ್ಲಿ ತೋರಿಸಿದ್ದರೆ ನಾವು ಅವನನ್ನು ದೂರದಿಂದ ಗೌರವಿಸಿ ಸುಮ್ಮನಾಗುತ್ತಿದ್ದೆವು. ಮನೆಯೊಳಗೆ ಬೆಳೆದದ್ದನ್ನು ಕಂಡ ಹುಡುಗನ ಸೋಲನ್ನು ಹಾಗೆ ನೋಡಿ ಸುಮ್ಮನಾಗಲು ಬರುವುದಿಲ್ಲ. ಮಾತುಗಳು ಕೆಲವೆಡೆ ಉದ್ದವಾಗುತ್ತವೆ, ಭಾವಾವೇಶ ಉಕ್ಕಿ ಹರಿಯುತ್ತದೆ, ಇಷ್ಟು ಹೊಗಳಿಕೆ ಬೇಕಿತ್ತೇ ಎಂದು ಅಲ್ಲಲ್ಲಿ ಅನ್ನಿಸುವುದೂ ನಿಜ. ಆದರೂ ಈ ಆವೇಶವನ್ನು ತೆಗೆದು ತೆಳ್ಳಗೆ ಮಾಡಿದ ‘ದುರ್ಗಾಸ್ತಮಾನ’ ನನಗೆ ಬೇಡ. ಊರಿನ ಹಿರಿಯರು ದುರ್ಗದ ಕಥೆ ಹೇಳುವಾಗ ಅವರ ದನಿ ಏರುವುದು ಹೀಗೆಯೇ. ಆ ಏರುದನಿಯನ್ನು ಪುಟಕ್ಕೆ ಇಳಿಸುವುದು ಸುಲಭದ ಕೆಲಸವಲ್ಲ.

ಕೊನೆಯ ಅಧ್ಯಾಯಗಳು ಬಾಕಿ ಇರುವಾಗ ಒಂದು ಭಾನುವಾರ ಚಿತ್ರದುರ್ಗಕ್ಕೆ ಹೊರಟೆ. ಅಲ್ಲಿ ನೆಲೆಸಿರುವ ಗೆಳತಿ ಬಹಳ ದಿನದಿಂದ ಕರೆಯುತ್ತಿದ್ದಳು. ಉಳಿದ ಪುಟಗಳನ್ನು ಕೋಟೆಯ ಮೇಲೆಯೇ ಓದಿ ಮುಗಿಸಬೇಕೆಂಬ ಆಸೆ ನನಗೂ ಇತ್ತು. ದಾವಣಗೆರೆಯಿಂದ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರಿನಷ್ಟು ದಾರಿ. ಗೆಳತಿ ಮತ್ತು ಪಿಯುಸಿ ಓದುತ್ತಿರುವ ಅವಳ ಮಗಳೊಡನೆ ಬಿಸಿಲೇರುವ ಮುನ್ನವೇ ಕೋಟೆಯ ಬಾಗಿಲಿಗೆ ಬಂದೆವು.

ಹಿಂದೆ ಎಷ್ಟೋ ಸಲ ಬಂದ ಜಾಗ. ಶಾಲೆಯ ಪ್ರವಾಸದಲ್ಲಿ, ನೆಂಟರ ಜೊತೆಯಲ್ಲಿ, ಮಕ್ಕಳನ್ನು ಕರೆದುಕೊಂಡು. ಆಗೆಲ್ಲ ಕಂಡದ್ದು ಕಲ್ಲು, ಹೊಂಡ, ದೇವಸ್ಥಾನ. ಈ ಸಲ ಮೊದಲ ಬಾಗಿಲಿನ ಗೋಡೆಯಲ್ಲಿ ಕೆತ್ತಿದ ನಾಗರವನ್ನು ದಾಟಿ ಒಳಗೆ ಬರುತ್ತಿದ್ದಂತೆ, ಬಾಗಿಲುಗಳು ಒಂದರ ನೇರಕ್ಕೆ ಇನ್ನೊಂದು ಇಲ್ಲದಿರುವುದು, ದಾರಿ ತಿರುತಿರುಗಿ ಸಾಗುವುದು, ಪ್ರತಿ ತಿರುವಿನಲ್ಲೂ ಮೇಲಿನಿಂದ ಯಾರೋ ನೋಡಬಹುದಾದ ಎತ್ತರವಿರುವುದು ನನ್ನ ಗಮನಕ್ಕೆ ಬಂತು. ಆನೆಯಾಗಲಿ ಕುದುರೆಯಾಗಲಿ ಓಡಿಬಂದು ಬಾಗಿಲಿಗೆ ಗುದ್ದುವಷ್ಟು ನೇರದ ದಾರಿ ಎಲ್ಲೂ ಸಿಗುವುದಿಲ್ಲ. ಮದ್ದು ಅರೆಯುವ ನಾಲ್ಕು ದೊಡ್ಡ ಬೀಸುವ ಕಲ್ಲುಗಳಿರುವ ಗುಂಡಿಯ ಅಂಚಿನಲ್ಲಿ ನಿಂತಾಗ, ಆ ಕಲ್ಲುಗಳನ್ನು ತಿರುಗಿಸಿದ ಎತ್ತುಗಳು, ಅವುಗಳ ಹಿಂದೆ ನಡೆದ ಆಳುಗಳು, ಬೆವರಿಗೆ ಅಂಟಿದ ಕರಿಯ ಪುಡಿ ಎಲ್ಲವೂ ಕಣ್ಣಿಗೆ ಕಟ್ಟಿದವು. ಇವುಗಳಲ್ಲಿ ಎಷ್ಟು ಕಾದಂಬರಿಯದು, ಎಷ್ಟು ನನ್ನ ಕಲ್ಪನೆಯದು ಎಂದು ಬೇರ್ಪಡಿಸಲು ನನಗೆ ಸಾಧ್ಯವಾಗಲಿಲ್ಲ, ಬೇರ್ಪಡಿಸುವ ಅಗತ್ಯವೂ ಕಾಣಲಿಲ್ಲ.

ಒನಕೆ ಓಬವ್ವನ ಕಿಂಡಿಯ ಬಳಿ ಎಂದಿನಂತೆ ಜನ ಸೇರಿದ್ದರು. ಅಲ್ಲಿಗೆ ಬರುವ ಬಹುಪಾಲು ಜನರ ಕಣ್ಣಿನಲ್ಲಿರುವ ಓಬವ್ವ, 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ತೋರಿಸಿದ, ಜಯಂತಿಯವರು ಅಭಿನಯಿಸಿದ ಓಬವ್ವ. ಆ ಚಿತ್ರವೂ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಕಟ್ಟಿದ್ದೇ ಆದರೂ ಲೇಖಕರಿಗೆ ಅದು ತೃಪ್ತಿ ತರಲಿಲ್ಲವೆಂಬ ಮಾತು ಪ್ರಸಿದ್ಧವಾಗಿದೆ. ಒಬ್ಬ ತರುಣ ಕಿಂಡಿಯೊಳಗೆ ನುಸುಳಿ ಬರುತ್ತಿದ್ದ, ಇನ್ನೊಬ್ಬಳು ಒನಕೆ ಎತ್ತಿದಂತೆ ಕೈ ಎತ್ತಿ ಫೋಟೋಗೆ ನಿಂತಿದ್ದಳು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನೆನಪು ಉಳಿಯುವ ಬಗೆಗಳಲ್ಲಿ ಅದೂ ಒಂದು. ಆದರೆ ದೊಡ್ಡ ಕಾದಂಬರಿಯನ್ನು ಓದಿದ ಬೆನ್ನಿಗೆ ಅಲ್ಲಿ ನಿಂತಾಗ ಓಬವ್ವ ನನಗೆ ಬೇರೆಯಾಗಿ ಕಂಡಳು. ಪ್ರಧಾನಿ, ದಳವಾಯಿ, ರಾಣಿಯರು, ಗುರುಗಳು ಎಲ್ಲರೂ ತಿಂಗಳುಗಟ್ಟಲೆ ಕೋಟೆಯನ್ನು ಉಳಿಸುವ ದಾರಿ ಹುಡುಕುತ್ತಿರುವಾಗ, ಕಾವಲುಗಾರನ ಹೆಂಡತಿಯೊಬ್ಬಳು ಗಂಡ ಊಟಕ್ಕೆ ಕುಳಿತ ಹೊತ್ತಿನಲ್ಲಿ ನೀರಿಗೆಂದು ಬಂದು, ಯಾರನ್ನೂ ಕೇಳದೆ, ಕೈಗೆ ಸಿಕ್ಕ ಒನಕೆಯಿಂದ ಕೆಲಸ ಮುಗಿಸುತ್ತಾಳೆ. ಅರಮನೆಯ ಆಲೋಚನೆಗೆ ಇಲ್ಲದ ವೇಗ ಅಡುಗೆಮನೆಯ ನಿರ್ಧಾರಕ್ಕಿತ್ತು. ಕಿಂಡಿಯ ಪಕ್ಕದ ನೀರಿನ ತಾಣವನ್ನು ನೋಡುತ್ತ, ದಿನವೂ ಇಲ್ಲಿಗೆ ಬಂದು ಹೋಗುತ್ತಿದ್ದ ಹೆಂಗಸರ ಹೆಸರುಗಳಲ್ಲಿ ಒಂದು ಮಾತ್ರ ಉಳಿಯಿತಲ್ಲ ಎಂದು ಗೆಳತಿ ಹೇಳಿದಳು. ಆ ಮಾತು ಆ ದಿನವಿಡೀ ನನ್ನ ಜೊತೆಗಿತ್ತು.

ಮೇಲೆ ಹತ್ತಿ, ಗೋಪಾಲಸ್ವಾಮಿ ಹೊಂಡವನ್ನು ದಾಟಿ, ಅರಮನೆಯದೆಂದು ತೋರಿಸುವ ಮಣ್ಣಿನ ಗೋಡೆಗಳ ಬಳಿಗೆ ಬಂದೆವು. ಇಷ್ಟು ಕಲ್ಲಿನ ನಡುವೆ ಅರಸರ ವಾಸ ಮಣ್ಣಿನ ಗೋಡೆಯೊಳಗೆ ಇತ್ತೆಂಬುದು, ಎರಡು ಶತಮಾನಗಳ ಮಳೆಗಾಳಿಗೆ ಕರಗಿಯೂ ಆ ಗೋಡೆಗಳು ಆಳೆತ್ತರ ನಿಂತಿವೆಯೆಂಬುದು ನನಗೆ ಪ್ರತಿ ಸಲವೂ ಆಶ್ಚರ್ಯದ ಸಂಗತಿ. ಸುತ್ತಲಿನ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಗೆಳತಿ ಮತ್ತು ಮಗಳು ಏಕನಾಥೇಶ್ವರಿಯ ದರ್ಶನಕ್ಕೆ ಹೋದರು. ನಾನು ಒಂದು ಬಂಡೆಯ ನೆರಳಿನಲ್ಲಿ ಕುಳಿತು ಪುಸ್ತಕ ತೆರೆದೆ.

ಕೊನೆಯ ಪುಟಗಳನ್ನು ಓದುವಾಗ ಅಳು ಬರುತ್ತದೆಂದು ಎಣಿಸಿದ್ದೆ. ಬಂದದ್ದು ಸಿಟ್ಟು. ಸಿಟ್ಟು ಹೈದರನ ಮೇಲೆ ಮಾತ್ರವಲ್ಲ, ಮದಕರಿಯ ಮೇಲೂ. ಬಿದನೂರಿನ ಗಾದಿಗೆ ತಾನೇ ಹಕ್ಕುದಾರನೆಂದು ಹೇಳಿಕೊಂಡು ಬಂದವನಿಗೆ ಆಶ್ರಯ ಕೊಟ್ಟು ಹೈದರನ ಮುಂದೆ ನಿಲ್ಲಿಸಿದ್ದು ದುರ್ಗವೇ. 1763ರಲ್ಲಿ ಬಿದನೂರು ಹೈದರನ ಕೈಸೇರಿದಾಗ, ಬಂಕಾಪುರದ ಕಡೆ ಅವನ ದಂಡು ಹೋದಾಗ ನೆರವಾಗಿ ನಿಂತದ್ದೂ ದುರ್ಗದ ಪಡೆಯೇ. ಅಕ್ಕಪಕ್ಕದ ಸಂಸ್ಥಾನಗಳು ಒಂದೊಂದಾಗಿ ಕರಗುತ್ತಿರುವಾಗ ಸರದಿ ತನ್ನ ಬಾಗಿಲಿಗೂ ಬರುತ್ತದೆಂದು ನಿನಗೆ ಹೊಳೆಯಲಿಲ್ಲವೇ ಎಂದು ಆ ಅರಸನನ್ನು ಕೇಳಬೇಕೆನಿಸಿತು. ಮರಾಠರು ಒಂದು ಕಡೆ, ಹೈದರ ಇನ್ನೊಂದು ಕಡೆ ಇರುವಾಗ ನಡುವಿನ ಪಾಳಯಗಾರನಿಗೆ ಇದ್ದ ದಾರಿಗಳಾದರೂ ಎಷ್ಟು ಎಂಬ ಉತ್ತರ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಓದುಗರ ಸಿಟ್ಟು ತರ್ಕ ಕೇಳಿ ಬರುವುದಿಲ್ಲ. ಪಾತ್ರದ ಮೇಲೆ ಹೀಗೆ ಮುನಿಸಿಕೊಳ್ಳುವಷ್ಟು ಹಕ್ಕನ್ನು ಓದುಗರಿಗೆ ಕೊಡುವುದು ಜನಪ್ರಿಯ ಕಾದಂಬರಿಯ ದೊಡ್ಡ ಗುಣ. ವಿಮರ್ಶೆಯ ಮನ್ನಣೆಗೆಂದು ಬರೆದ ಎಷ್ಟೋ ಕೃತಿಗಳನ್ನು ನಾನು ಮೆಚ್ಚಿ ಓದಿದ್ದೇನೆ, ಅವುಗಳ ಯಾವ ಪಾತ್ರದ ಮೇಲೂ ನನಗೆ ಸಿಟ್ಟು ಬಂದದ್ದಿಲ್ಲ.

ಹಿಂತಿರುಗಿ ಬಂದ ಹುಡುಗಿ ನೇರವಾಗಿ ಕೇಳಿದಳು: ಹಾಗಾದರೆ ಹೈದರ ಕೆಟ್ಟವನೇ? ನನಗೆ ಈ ಪ್ರಶ್ನೆ ಮುಖ್ಯವೆನಿಸಿತು, ಏಕೆಂದರೆ ಇಂಥ ಕಾದಂಬರಿಗಳನ್ನು ಓದಿ ಒಬ್ಬರನ್ನು ಪೂಜಿಸಿ ಇನ್ನೊಬ್ಬರನ್ನು ದ್ವೇಷಿಸುವ ಸುಲಭದ ದಾರಿ ಯಾವಾಗಲೂ ತೆರೆದಿರುತ್ತದೆ. ಹೈದರ ಸಾಮಾನ್ಯ ಸಿಪಾಯಿಯ ಮಟ್ಟದಿಂದ ಮೇಲೆದ್ದು ರಾಜ್ಯ ಕಟ್ಟಿದ ಸಮರ್ಥ, ಅವನಿಗೆ ದುರ್ಗ ಬೇಕಿತ್ತು, ಮದಕರಿಗೆ ದುರ್ಗ ಉಳಿಯಬೇಕಿತ್ತು, ಇಬ್ಬರ ನಡುವೆ ಹಳೆಯ ಸ್ನೇಹದ ಲೆಕ್ಕಗಳೂ ಇದ್ದವು ಎಂದು ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ. ಗೆದ್ದ ಮೇಲೆ ಅವನು ಊರಿನ ಜನರಿಗೆ ಏನು ಮಾಡಿದ ಎಂದು ಕೇಳಿದಳು. ನಾನು ತಿಳಿದದ್ದನ್ನು ಹೇಳಿದೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಇದರ ವಿವರವಿದೆ. ಮುತ್ತಿಗೆಯ ದಿನಗಳಲ್ಲಿ ಬೇಡ ಪಡೆ ದೇವಿಗೆ ಪೂಜೆ ಸಲ್ಲಿಸಿ, ಕಹಳೆ ಊದಿ, ಕೋಟೆಯಿಂದ ಹೊರಬಿದ್ದು ದಾಳಿ ಮಾಡುತ್ತಿತ್ತು. ಕಹಳೆ ಕೇಳಿದ ಹೈದರನ ದಂಡಿಗೆ ದಾಳಿ ಬರುವುದು ತಿಳಿಯುತ್ತಿತ್ತು, ಯಾವ ದಿಕ್ಕಿನಿಂದ ಎಂಬುದು ತಿಳಿಯುತ್ತಿರಲಿಲ್ಲ. ಕೋಟೆಯೊಳಗಿದ್ದವರಲ್ಲೇ ಕೆಲವರು ಎದುರಾಳಿಯ ಕಡೆ ಸೇರಿದ ಮೇಲೆ ದುರ್ಗ ಬಿತ್ತು. ನಾಯಕನ ಮೇಲಿನ ಈ ನಿಷ್ಠೆಯೇ ಹೋರಾಟವನ್ನು ಅಷ್ಟು ಕಾಲ ಎಳೆಯಿತೆಂದು ತಿಳಿದು, ಆ ಜನರನ್ನು ಒಡೆದು ಹಾಕಲು ಹೈದರ 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ವಯಸ್ಸಿಗೆ ಬಂದ ಹುಡುಗರನ್ನು ಮತಾಂತರಿಸಿ ಚೇಲಾ ಎಂಬ ಪಡೆ ಕಟ್ಟಿದ.

ಹೇಳುತ್ತಿರುವಾಗಲೇ ನನಗೆ ಹೊಳೆದದ್ದು, ಕಾದಂಬರಿ ನನ್ನಲ್ಲಿ ಎಬ್ಬಿಸಿದ ಸಂಕಟವೆಲ್ಲ ಒಬ್ಬ ಮನುಷ್ಯನ ಸುತ್ತ ಸುತ್ತಿಕೊಂಡಿತ್ತು ಎಂಬುದು. ಮದಕರಿಗಾಗಿ ನಾನು ವಾರಗಟ್ಟಲೆ ಓದು ನಿಲ್ಲಿಸಿದ್ದೆ. ಈ ಬೆಟ್ಟ ಇಳಿದು, ಮನೆಯ ಬಾಗಿಲು ಎಳೆದುಕೊಂಡು, ಮುದುಕರನ್ನೂ ಕೂಸುಗಳನ್ನೂ ಕರೆದುಕೊಂಡು ಕಾವೇರಿಯ ಕಡೆಗೆ ನಡೆದ ಆ ಇಪ್ಪತ್ತು ಸಾವಿರ ಜನರಿಗಾಗಿ ಒಂದು ದಿನವೂ ನಿಲ್ಲಿಸಿರಲಿಲ್ಲ. ತ.ರಾ.ಸು. ಅವರ ಮೇಲೆ ಇದು ನನ್ನ ದೂರಲ್ಲ. ಅವರು ಬರೆಯಹೊರಟದ್ದು ದುರ್ಗದ ಅಸ್ತಮಾನವನ್ನು, ಅದನ್ನು ಅವರು ಪೂರ್ತಿಯಾಗಿ ಬರೆದಿದ್ದಾರೆ. ಆ ಹನ್ನೆರಡರ ಹುಡುಗನನ್ನು ಅವರು ನಮ್ಮ ಮನೆಯವನನ್ನಾಗಿ ಮಾಡದೆ ಇದ್ದಿದ್ದರೆ, ಗೆಜೆಟಿಯರಿನ ಆ ಅಂಕಿ ನನ್ನ ಕಣ್ಣಿಗೆ ಅಂಕಿಯಾಗಿಯೇ ಉಳಿಯುತ್ತಿತ್ತು. ಈಗ ಅದರೊಳಗೆ ಹೆಂಗಸರು ಕಾಣುತ್ತಾರೆ, ಕಿಂಡಿಯ ಬಳಿ ನೀರು ತುಂಬುತ್ತಿದ್ದ ಹೆಸರಿಲ್ಲದವರು ಕಾಣುತ್ತಾರೆ. ಅವರ ನಡಿಗೆಯನ್ನು ಇಷ್ಟೇ ಮನಸ್ಸಿಟ್ಟು, ಇಷ್ಟೇ ದೊಡ್ಡದಾಗಿ, ಜನ ಸರದಿಯ ಮೇಲೆ ಓದುವ ಹಾಗೆ ಬರೆದ ಕಾದಂಬರಿ ನಮಗೆ ಬೇಕು ಎಂದು ನಾನು ಗೆಳತಿಗೆ ಹೇಳಿದೆ. ಅವಳ ಮಗಳು, ಅದಕ್ಕೆ ಅರಸರ ದಾಖಲೆ ಸಾಲುವುದಿಲ್ಲ, ಶ್ರೀರಂಗಪಟ್ಟಣದ ಸುತ್ತಮುತ್ತ ಹೋಗಿ ಕೇಳಬೇಕು ಎಂದಳು. ಅವಳು ಹೇಳಿದ್ದು ಸರಿ.

ಇಳಿಯುವ ದಾರಿಯಲ್ಲಿ ಮಾತು ಮುಂದಿನ ಓದಿನ ಕಡೆಗೆ ತಿರುಗಿತು. ದುರ್ಗದ ಕಥೆಯನ್ನು ನಾನು ಕೊನೆಯಿಂದ ಹಿಡಿದಿದ್ದೇನೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳು ಇನ್ನೂ ಹಿಂದಿನ ತಲೆಮಾರಿನ ಕಾಲದವು. ಗೆಳತಿಯ ಮನೆಯ ಕಪಾಟಿನಲ್ಲಿ ಮೊದಲನೆಯದು ಇತ್ತು, ಅವಳ ಮಾವನ ಕಾಲದ ಪ್ರತಿ. ಅಂಚು ಸವೆದು ದಾರದ ಹೊಲಿಗೆ ಸಡಿಲಿದ್ದರೂ ಪುಟಗಳು ಪೂರ್ತಿ ಇದ್ದವು. ‘ದುರ್ಗಾಸ್ತಮಾನ’ವನ್ನು ಆ ಹುಡುಗಿಗೆ ಓದಲು ಬಿಟ್ಟು, ‘ಕಂಬನಿಯ ಕುಯಿಲು’ ಎತ್ತಿಕೊಂಡು ಸಂಜೆಯ ಬಸ್ಸಿಗೆ ಹೊರಟೆ. ಓದಿ ಮುಗಿಸಿದ ಮೇಲೆ ಮದಕರಿಯ ಬಗ್ಗೆ ತನಗೇನನ್ನಿಸಿತೆಂದು ಪತ್ರ ಬರೆಯುತ್ತೇನೆಂದು ಅವಳು ಒಪ್ಪಿಕೊಂಡಿದ್ದಾಳೆ. ಹೈದರನ ವಿಷಯದಲ್ಲಿ ಅವಳು ನನ್ನ ಮಾತನ್ನು ಒಪ್ಪಲಾರಳೆಂದು ನನಗೆ ಅನ್ನಿಸುತ್ತದೆ.