ಹತ್ತು ದವಡೆ, ಒಂದೇ ತಪ್ಪು

ನಾನು ಹೋಗುವಷ್ಟರಲ್ಲಿ ಶೆಡ್ಡಿನೊಳಗೆ ಹ್ಯಾಕ್ಸಾ ಸದ್ದು ಶುರುವಾಗಿತ್ತು. ಮನೆಯ ಹಿಂದಿನ ಆ ಶೆಡ್ಡು ದೊಡ್ಡದೇನಲ್ಲ. ಲೋಹ ತಿರುಗಿಸಿ ಕಡೆಯುವ ಒಂದು ಹಳೆಯ ಲೇತ್, ಒಂದು ಡ್ರಿಲ್ಲಿಂಗ್ ಮಿಷನ್, ತುಂಡು ಕಚ್ಚಿ ಹಿಡಿಯಲು ಎರಡು ವೈಸ್, ಗೋಡೆ ತುಂಬಾ ಮೊಳೆಗೆ ನೇತುಹಾಕಿದ ಸಾಮಾನು. ಐದು ಜನ ನಿಂತರೆ ಆರನೆಯವನು ಬಾಗಿಲಲ್ಲೇ ನಿಲ್ಲಬೇಕು. ಪುಣ್ಯಕ್ಕೆ ನಾವಿದ್ದದ್ದೇ ಐದು ಜನ.

ಅವತ್ತಿನ ಕೆಲಸ ಟೂಲ್‌ಮೇಕರ್ಸ್ ಕ್ಲ್ಯಾಂಪ್ ಮಾಡುವುದು. ನೋಡದವರಿಗೆ ಹೇಳುತ್ತೇನೆ: ಎರಡು ಉಕ್ಕಿನ ದವಡೆ, ಎರಡು ಸ್ಕ್ರೂ, ಅಷ್ಟೇ. ನಡುವಿನ ಸ್ಕ್ರೂ ಎರಡು ದವಡೆಗಳನ್ನೂ ಹತ್ತಿರಕ್ಕೆ ಎಳೆಯುತ್ತದೆ. ಹಿಂದಿನ ಸ್ಕ್ರೂ ಎದುರಿನ ದವಡೆಯನ್ನು ಆಚೆ ತಳ್ಳುತ್ತದೆ. ಹಿಂಭಾಗ ಅಗಲವಾದಷ್ಟೂ ಮೂತಿ ಕಚ್ಚಿಕೊಳ್ಳುತ್ತದೆ. ಎರಡನ್ನೂ ಸರಿಯಾಗಿ ತಿರುಗಿಸಿದರೆ ದವಡೆಗಳು ಉದ್ದಕ್ಕೂ ಸಮಾನಾಂತರವಾಗಿ ಹಿಡಿಯುತ್ತವೆ. ಸಣ್ಣ ತಗಡು ಹಿಡಿದು ತೂತು ಕೊರೆಯಲು ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಶೆಡ್ಡಿನ ಯಜಮಾನನ ಹತ್ತಿರ ಒಂದೇ ಒಂದು ಇತ್ತು. ಅದನ್ನು ನಾವೆಲ್ಲ ಸರದಿಯ ಮೇಲೆ ಎರವಲು ಒಯ್ದು ಒಯ್ದು ಅವನ ತಾಳ್ಮೆ ಮುಗಿದಿತ್ತು. ‘ಎಲ್ಲರೂ ಒಂದು ದಿನ ಬನ್ನಿ, ಐದು ಮಾಡಿ ಬಿಸಾಕೋಣ, ಆಮೇಲೆ ನನ್ನದನ್ನು ಕೇಳಬೇಡಿ’ ಅಂದಿದ್ದ.

ನಮ್ಮಲ್ಲಿ ಒಬ್ಬನಿಗೆ ಪ್ಲಾನ್ ಹಾಕುವ ಚಟ. ಪ್ರತಿಯೊಬ್ಬರೂ ತಮ್ಮ ತಮ್ಮ ಕ್ಲ್ಯಾಂಪ್ ಮಾಡಿಕೊಳ್ಳುವುದು ದಡ್ಡತನ ಅಂತ ಅವನ ವಾದ. ಒಬ್ಬರು ಕತ್ತರಿಸಲಿ, ಒಬ್ಬರು ಕೊರೆಯಲಿ, ಒಬ್ಬರು ಸ್ಕ್ರೂ ಮಾಡಲಿ. ಇದಕ್ಕೆ ಅವನು ಇತಿಹಾಸವನ್ನೂ ತಂದಿದ್ದ. 1800ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾನೆಲೆಯಲ್ಲಿ ಹಡಗಿನ ರಾಟೆ ಮಾಡಲು ಮಾರ್ಕ್ ಬ್ರುನೆಲ್ ಯಂತ್ರಗಳ ಸಾಲನ್ನೇ ಯೋಚಿಸಿದ, ಹೆನ್ರಿ ಮಾಡ್ಸ್ಲೆ ಅವನ್ನು ಕಟ್ಟಿಕೊಟ್ಟ. ಒಂದೊಂದು ಯಂತ್ರಕ್ಕೆ ಒಂದೊಂದೇ ಕೆಲಸ. 110 ಜನರ ಕೆಲಸವನ್ನು 10 ಜನ ಮಾಡಿದರಂತೆ. ‘ಆ ಲೆಕ್ಕದಲ್ಲಿ ನಾವು ಐದು ಜನ 55 ಜನರ ಸಮ’ ಅಂದ. ಯಾರೂ ಎದುರು ಹೇಳಲಿಲ್ಲ. ಬೆಳಗ್ಗೆ ಬೆಳಗ್ಗೆ ಯಾರು ವಾದ ಮಾಡುತ್ತಾರೆ.

ಕೆಲಸ ಹಂಚಿಕೆ ಆಯಿತು. ಲೇತ್ ಮೇಷ್ಟ್ರಿಗೆ. ಅವರು ಜೀವಮಾನವೆಲ್ಲ ಟರ್ನರ್ ಆಗಿದ್ದು ನಿವೃತ್ತರಾದವರು, ನಮ್ಮಲ್ಲಿ ಇದನ್ನೇ ಕಸುಬಾಗಿ ಮಾಡಿದ್ದು ಅವರೊಬ್ಬರೇ. ಹತ್ತು ಸ್ಕ್ರೂ ಅವರ ಪಾಲು. ಯಜಮಾನ 12 ಮಿಲಿಮೀಟರ್ ಚೌಕದ ಎಂ.ಎಸ್. (ಮೆದು ಉಕ್ಕಿನ) ಬಾರ್ ಅನ್ನು 80 ಮಿಲಿಮೀಟರ್ ಉದ್ದಕ್ಕೆ ಹತ್ತು ತುಂಡು ಮಾಡುವುದು. ಪ್ಲಾನಿನವನು ಜಿಗ್ ಮಾಡುವುದು. ನಾನು ಡ್ರಿಲ್. ಗೆಳತಿ ಕೊನೆಗೆ ದವಡೆಯ ಮೂತಿಯನ್ನು ಹೊರಗಡೆಯಿಂದ ಓರೆಯಾಗಿ ಅರ ಹಾಕಿ ತೆಳ್ಳಗೆ ಮಾಡುವುದು.

ಜಿಗ್ ಅಂದರೆ ಅಂಥದ್ದೇನಲ್ಲ. ದಪ್ಪ ತಗಡಿನಲ್ಲಿ ಎರಡು ತೂತು, ಕೆಳಗೆ ಒಂದು ಪಟ್ಟಿ, ತುದಿಗೆ ಒಂದು ತಡೆ. ಬಾರನ್ನು ಪಟ್ಟಿಗೆ ಒತ್ತಿ, ಮೂತಿಯನ್ನು ತಡೆಗೆ ತಾಗಿಸಿ, ಮೇಲಿನ ತೂತಿನಲ್ಲಿ ಡ್ರಿಲ್ ಇಳಿಸಿದರೆ ಆಯ್ತು. ಗೀಟು ಎಳೆಯುವ, ತೂತಿನ ಜಾಗಕ್ಕೆ ಪಂಚಿನಿಂದ ಚುಕ್ಕೆ ಹೊಡೆಯುವ ಕೆಲಸ ಹತ್ತು ಸಲ ಮಾಡಬೇಕಿಲ್ಲ. ಅವನು ಅದನ್ನು ಮಾಡುತ್ತಾ ಕೂತ. ನಾನು ಕಾಯುತ್ತಾ ಕೂತೆ. ಗೆಳತಿ ನನಗೋಸ್ಕರ ಕಾಯಬೇಕಿತ್ತು, ಆದರೆ ಅವಳಿಗೆ ಸುಮ್ನೆ ಕೂತು ಗೊತ್ತಿಲ್ಲ.

‘ತೂತು ಆಮೇಲೆ ಕೊರೆದರೂ ನಡೆಯುತ್ತೆ ಅಲ್ವಾ? ಅಲ್ಲೀತನಕ ನಾನು ಮೂತಿ ಅರ ಹಾಕ್ತೀನಿ’ ಅಂದಳು.

‘ಹಾಕು, ಏನಾಗುತ್ತೆ’ ಅಂತ ನಾವು ಮೂವರೂ ಒಟ್ಟಿಗೆ ಹೇಳಿದೆವು. ಮೇಷ್ಟ್ರಿಗೆ ಲೇತಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಜಿಗ್ ಬಂತು. ನಾನು ಶುರು ಮಾಡಿದೆ. ಒಂದು ದವಡೆಗೆ ಎರಡು ತೂತೂ ಆರಪಾರ, ಅದಕ್ಕೆ ಆಮೇಲೆ ಎಂ6 (6 ಮಿಲಿಮೀಟರ್ ಸ್ಕ್ರೂ ಹಿಡಿಯುವ) ಥ್ರೆಡ್. ಅದರ ಜೋಡಿಗೆ ನಡುವಿನದು ಆರಪಾರ, ಆಮೇಲೆ ಸ್ಕ್ರೂ ನುಸುಳುವಷ್ಟು ಅಗಲ ಮಾಡುವುದು; ಹಿಂದಿನದು ಅರ್ಧಕ್ಕೆ ನಿಲ್ಲುವ ಗುಂಡಿ. ಸ್ಕ್ರೂ ತುದಿ ಕೂರಲು ಆ ಗುಂಡಿ ದವಡೆಯ ಒಳಮುಖದಲ್ಲೇ ಇರಬೇಕು. ಹಾಗಾಗಿ ಒಳಮುಖ ಮೇಲೆ ಮಾಡಿ ಇಟ್ಟೆ. ತಲೆಕೆಡಿಸಿಕೊಳ್ಳುವುದು ಬೇಡ, ಹತ್ತಕ್ಕೂ ಒಂದೇ ನಿಯಮ ಇರಲಿ ಅಂತ ಎಲ್ಲವನ್ನೂ ಹಾಗೇ ಇಟ್ಟು ಕೊರೆದೆ. 5 ಮಿಲಿಮೀಟರ್ ಡ್ರಿಲ್, ಇಪ್ಪತ್ತು ತೂತು. ಕಟಿಂಗ್ ಆಯಿಲಿನ ಹೊಗೆ, ಸುರುಳಿ ಸುರುಳಿಯಾಗಿ ಏಳುವ ಚೂರು. ನಡುನಡುವೆ ಹಿಂದೆ ಸರಿದು ನೋಡಿದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರೆದ ಹಾಗೆ. ನನಗೆ ನನ್ನ ಮೇಲೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಥ್ರೆಡ್ ಕೊಯ್ಯಲು ಎಲ್ಲರೂ ಕೈ ಹಾಕಿದರು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಚೂರು ಮುರಿದು ಬೀಳಲಿ ಅಂತ. ಥ್ರೆಡ್ ಕೊಯ್ಯುವ ಟ್ಯಾಪ್ ಒಂದೂ ಮುರಿಯಲಿಲ್ಲ. ಅಷ್ಟು ಹೊತ್ತಿಗೆ ಮೇಷ್ಟ್ರು ಸ್ಕ್ರೂಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು, ತಲೆಗೆ ಬೆರಳು ಜಾರದಂತೆ ನರ್ಲಿಂಗಿನ ಗೀರು, ತುದಿಗೆ ನುಣುಪಾದ ಗುಂಡು. ಅವುಗಳ ಪಕ್ಕ ನಮ್ಮ ದವಡೆಗಳನ್ನು ಇಡಲು ಸ್ವಲ್ಪ ನಾಚಿಕೆಯೇ ಆಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಮೊದಲನೆಯ ಕ್ಲ್ಯಾಂಪ್ ಸೇರಿಸಿದೆವು. ಸ್ಕ್ರೂ ಸಲೀಸಾಗಿ ಹೋಯಿತು, ದವಡೆ ಕಚ್ಚಿತು. ಆದರೆ ಎರಡು ದವಡೆಗಳು ಒಂದರ ಮೇಲೊಂದು ಸರಿಯಾಗಿ ಕೂತಿರಲಿಲ್ಲ. ಒಂದು ಪಕ್ಕಕ್ಕೆ ಜರುಗಿತ್ತು. ಮೆಟ್ಟಿಲಿನ ಹಾಗೆ.

ಸ್ಕ್ರೂ ಸೊಟ್ಟ ಇರಬೇಕು ಅಂತ ಪ್ಲಾನಿನವನು ಅಂದುಬಿಟ್ಟ. ಮೇಷ್ಟ್ರು ಅವನನ್ನು ಒಂದು ಕ್ಷಣ ನೋಡಿದರು, ಏನೂ ಅನ್ನಲಿಲ್ಲ. ಇನ್ನೊಂದು ಸೇರಿಸಿದೆವು. ಅದೂ ಹಾಗೇ. ಮೂರನೆಯದೂ. ವರ್ನಿಯರ್ ಹಿಡಿದು ಅಳೆದರೆ ಎಲ್ಲದರಲ್ಲೂ ಸರಿಯಾಗಿ ಒಂದು ಮಿಲಿಮೀಟರ್. ನನ್ನ ಅನುಭವದಲ್ಲಿ ತಪ್ಪು ಅನ್ನುವುದು ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ ಇರುತ್ತದೆ. ಇಷ್ಟು ಶಿಸ್ತಿನ ತಪ್ಪನ್ನು ನಾನು ಕಂಡೇ ಇರಲಿಲ್ಲ.

ಮೇಷ್ಟ್ರು ಒಂದು ದವಡೆ ತೆಗೆದುಕೊಂಡು ತೂತಿನಿಂದ ಎರಡೂ ಅಂಚಿಗೆ ಅಳೆದರು. ಒಂದು ಕಡೆ ಅರ್ಧ ಮಿಲಿಮೀಟರ್ ಹೆಚ್ಚು, ಇನ್ನೊಂದು ಕಡೆ ಅರ್ಧ ಕಡಿಮೆ. ‘ಜಿಗ್ ಕೊಡಿ’ ಅಂದರು. ಕೆಳಗಿನ ಪಟ್ಟಿ ಕೂರಿಸುವ ತೂತುಗಳು ಗೀಟು ಬಿಟ್ಟು ಪಕ್ಕಕ್ಕೆ ಹೋಗಿದ್ದವು. ಕಾರಣ ಯಜಮಾನನ ಸೆಂಟರ್ ಪಂಚ್. ಅದರ ಮೂತಿ ಸವೆದು ಮೊಂಡಾಗಿ ಯಾವ ಕಾಲವಾಯಿತೋ. ಗೀಟಿನ ಮೇಲಿಟ್ಟು ಹೊಡೆದರೆ ಪಕ್ಕಕ್ಕೆ ಜಾರುತ್ತಿತ್ತು.

ಅರ್ಧ ಮಿಲಿಮೀಟರ್ ಸರಿ, ಒಂದು ಎಲ್ಲಿಂದ ಬಂತು? ಮೇಷ್ಟ್ರು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಎರಡು ಚೌಕ ಬರೆದರು. ನಾನು ಹತ್ತಕ್ಕೂ ಒಳಮುಖ ಮೇಲೆ ಮಾಡಿ ಕೊರೆದಿದ್ದೆ. ಹತ್ತರಲ್ಲೂ ತೂತು ಎಡಕ್ಕೆ. ಆದರೆ ಜೋಡಿಸುವಾಗ ಒಳಮುಖಗಳು ಎದುರುಬದುರು ಬರಬೇಕಲ್ಲ, ಅಂದರೆ ಒಂದು ದವಡೆ ಮಗುಚಿಕೊಳ್ಳುತ್ತದೆ. ಮಗುಚಿದರೆ ಅದರ ಎಡ ಬಲವಾಗುತ್ತದೆ. ಅರ್ಧ ಈ ಕಡೆ, ಅರ್ಧ ಆ ಕಡೆ. ಐದನ್ನು ಒಳಮುಖ ಕೆಳಗೆ ಮಾಡಿ ಕೊರೆದಿದ್ದರೆ ಜಿಗ್ಗಿನ ತಪ್ಪು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

‘ಅಷ್ಟೇ ತಾನೇ? ಥ್ರೆಡ್ ಇರೋ ದವಡೆಗೆ ಎರಡೂ ತೂತು ಆರಪಾರ ಇದೆ. ಅದನ್ನೇ ತಿರುಗಿಸಿ ಹಾಕಿದರಾಯ್ತು’ ಅಂದ ಯಜಮಾನ. ನಮಗೆಲ್ಲ ಜೀವ ಬಂತು. ಒಂದನ್ನು ಬಿಚ್ಚಿ ತಿರುಗಿಸಿದ. ಪಕ್ಕಗಳು ಒಂದಕ್ಕೊಂದು ಸಮನಾಗಿ ಕೂತವು. ಆದರೆ ಓರೆ ಮಾಡಿದ್ದ ಮೂತಿ ಈಗ ಒಳಗಡೆಗೆ ಬಂದಿತ್ತು. ಕಚ್ಚಬೇಕಾದ ಜಾಗದಲ್ಲಿ ಗಾಳಿ.

ಎಲ್ಲರೂ ಗೆಳತಿಯ ಕಡೆ ನೋಡಿದೆವು.

‘ನನ್ನನ್ನು ಯಾಕೆ ನೋಡ್ತೀರಾ? ಏನಾಗುತ್ತೆ ಅಂದವರು ನೀವೇ’ ಅಂದಳು.

ಉಳಿದದ್ದು ಒಂದೇ ದಾರಿ. ಪ್ರತಿ ದವಡೆಯ ದಪ್ಪ ಪಕ್ಕದಿಂದ ಒಂದು ಮಿಲಿಮೀಟರ್ ತೆಗೆದರೆ ಅಗಲ 11 ಆಗುತ್ತದೆ, ತೂತು ತಾನಾಗಿ ನಡುವಿಗೆ ಬರುತ್ತದೆ. ಲೇತಿನ ಚಕ್ಕಿನಲ್ಲಿ, ಅಂದರೆ ತುಂಡನ್ನು ನಾಲ್ಕು ಕಡೆಯಿಂದ ಹಿಡಿದು ತಿರುಗಿಸುವ ಭಾಗದಲ್ಲಿ, ಬಿಗಿದು ಲೇತಿನಲ್ಲೇ ಸವರಬಹುದು. ಆದರೆ ಹತ್ತು ಸಲ ಬಿಗಿದು, ಹತ್ತು ಸಲ ಸರಿ ನೋಡಿ, ಒಬ್ಬರು ಮಾಡುತ್ತಾ ನಾಲ್ವರು ನಿಂತು ನೋಡಬೇಕು. ‘ಅರ ಇದೆಯಲ್ಲ’ ಅಂದರು ಮೇಷ್ಟ್ರು.

ಅಲ್ಲಿಗೆ ಪೋರ್ಟ್ಸ್‌ಮತ್ ಮುಗಿಯಿತು. ಪಾಲು ಇಲ್ಲ, ಸಾಲು ಇಲ್ಲ, ತಲೆಗೆ ಎರಡೆರಡು ದವಡೆ. ಎರಡು ವೈಸ್ ಎರಡು ಜನಕ್ಕಾಯಿತು. ಡ್ರಿಲ್ಲಿಂಗ್ ಮಿಷನ್ನಿನ ಸಣ್ಣ ವೈಸನ್ನು ಬೆಂಚಿಗೆ ಬಿಗಿದು ಮೂರನೆಯದು ಮಾಡಿಕೊಂಡೆವು. ಬಿಗಿಯಲು ಇನ್ನೊಂದು ಕ್ಲ್ಯಾಂಪ್ ಇದ್ದಿದ್ದರೆ ಚೆನ್ನಾಗಿತ್ತು ಅಂತ ಯಾರೋ ಅಂದರು.

ಒಂದು ಮಿಲಿಮೀಟರ್ ಅಂದರೆ ಬಾಯಲ್ಲಿ ಹೇಳಲು ಏನೂ ಅಲ್ಲ. ಅರದಲ್ಲಿ ತೆಗೆಯಲು ಕೂತಾಗ ಗೊತ್ತಾಗುತ್ತದೆ. ನಾನು ಶುರುವಿನಲ್ಲಿ ಗರಗಸದ ಹಾಗೆ ಹಿಂದೆ ಮುಂದೆ ಉಜ್ಜುತ್ತಿದ್ದೆ. ಮೇಷ್ಟ್ರು ಬಂದು ಮೊಣಕೈ ಹಿಡಿದರು. ಮುಂದೆ ಹೋಗುವಾಗ ಭಾರ, ಹಿಂದೆ ಬರುವಾಗ ಎತ್ತಬೇಕು. ತೋಳಿನಿಂದಲ್ಲ, ಕಾಲಿನಿಂದ ತಳ್ಳಬೇಕು. ಅರದ ಹಲ್ಲಿಗೆ ಚಾಕ್‌ಪೀಸ್ ಸವರಿಕೊಂಡರೆ ಚೂರು ಸಿಕ್ಕಿಕೊಂಡು ಗೀರು ಬೀಳುವುದಿಲ್ಲ. ನೆಲದ ಮೇಲೆ ನನ್ನ ತಪ್ಪಿನ ಚಿತ್ರ ಬರೆದ ಅದೇ ಚಾಕ್‌ಪೀಸನ್ನು ಕೈಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಮೂರು ಅರಗಳ ಸದ್ದು ಒಂದೇ ಲಯಕ್ಕೆ ಬಂತು. ಬೆಳಗ್ಗೆಯಿಂದ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿದ್ದೆವು, ಮಾತೇ ಇರಲಿಲ್ಲ. ಈಗ ವೈಸಿಗೆ ಕಾಯುವವರು, ಉಜ್ಜುವವರು ಎಲ್ಲರೂ ಒಂದೇ ಬೆಂಚಿನ ಸುತ್ತ. ಗೆಳತಿಯ ಎರಡೂ ಎಲ್ಲರಿಗಿಂತ ಮೊದಲು ಮುಗಿದವು. ಅವಳು ನನ್ನ ಎರಡನೆಯದನ್ನು ಕಿತ್ತುಕೊಂಡು, ಮೂಲೆ ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು, ‘ಇದೇನು ದೋಣಿ ಮಾಡಿದ್ದೀಯಾ?’ ಅಂದಳು.

ಯಜಮಾನ ಮಾತ್ರ ತನ್ನ ಪಾಲಿನದನ್ನು ಮುಗಿಸಿ ಹೊರಗೆ ಬೆಂಕಿಯ ಟಾರ್ಚ್ ಹಚ್ಚಿದ್ದ. ಪಂಚಿನ ಮಾತು ಅವನಿಗೆ ನಾಟಿತ್ತು. ಹೊಸ ಪಂಚ್ ಮಾಡಲು ಸಿಲ್ವರ್ ಸ್ಟೀಲ್ (ಬೆಳ್ಳಿ ಹೆಸರಿಗಷ್ಟೇ, ಕಾಯಿಸಿ ಅದ್ದಿದರೆ ಗಟ್ಟಿಯಾಗುವ ಉಕ್ಕು) ಸರಳಿನ ತುಂಡಿಗೆ ಲೇತಿನಲ್ಲಿ ಮೂತಿ ಮಾಡಿಸಿಕೊಂಡು ಕಾಯಿಸುತ್ತಿದ್ದ. ಪಕ್ಕದಲ್ಲಿ ತಂತಿಗೆ ಕಟ್ಟಿದ ಅಯಸ್ಕಾಂತ. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟುವುದು ನಿಂತ ಮೇಲೆ ಇನ್ನೊಂದು ಚೂರು ಕಾಯಿಸಿ ನೆಟ್ಟಗೆ ನೀರಿಗೆ ಇಳಿಸಿದ. ಮೂತಿಗೆ ಅರ ಹಾಕಿದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಆದರೆ ಹಾಗೇ ಬಿಟ್ಟರೆ ಒಂದೇ ಏಟಿಗೆ ಉದುರುತ್ತದೆ. ಮೂತಿಯನ್ನು ಹೊಳೆಯುವಂತೆ ಉಜ್ಜಿ, ಹಿಂದಿನಿಂದ ಮೆಲ್ಲಗೆ ಶಾಖ ಕೊಟ್ಟ. ಬಣ್ಣಗಳು ಒಂದರ ಹಿಂದೆ ಒಂದು ಮೂತಿಯ ಕಡೆ ಹರಿದು ಬಂದವು: ಎಲ್ಲಕ್ಕಿಂತ ಮುಂದೆ ಒಣಹುಲ್ಲಿನ ಹಳದಿ, ಅದರ ಬೆನ್ನಿಗೆ ಕಂದು, ನೇರಳೆ, ನೀಲಿ. ಹಳದಿ ತುದಿ ಮುಟ್ಟಿದಾಗ ಮೂತಿ ಸುಮಾರು 230 ಡಿಗ್ರಿ ಇರುತ್ತದೆ. ಅಷ್ಟರಲ್ಲಿ ಮತ್ತೆ ನೀರಿಗೆ. ನಾವೆಲ್ಲ ಅರ ಬಿಟ್ಟು ಬಾಗಿಲಲ್ಲಿ ನಿಂತು ನೋಡಿದೆವು. ಬೆಳಗ್ಗೆ ಎಲ್ಲಕ್ಕಿಂತ ಮೊದಲು ಮಾಡಬೇಕಿದ್ದದ್ದು ಇದನ್ನು. ಯಾರೂ ಅದನ್ನು ಹೇಳಲಿಲ್ಲ, ಅವನ ಮುಖ ನೋಡಿ.

ಕೊನೆಯ ಒಂದೆರಡು ಕೂದಲೆಳೆಯನ್ನು ಜೋಡಿ ಸೇರಿಸಿ ಬಿಗಿದೇ ಉಜ್ಜಿದೆವು, ಎರಡೂ ಪಕ್ಕ ಒಂದೇ ಸಮ ಆಗುವ ತನಕ. ಕತ್ತಲಾಗುವ ಹೊತ್ತಿಗೆ ಐದು ಕ್ಲ್ಯಾಂಪ್ ಬೆಂಚಿನ ಮೇಲಿದ್ದವು. ಪ್ಲಾನಿನವನು ಪರೀಕ್ಷೆಗೆ ಅಂತ ಎರಡು ಕ್ಲ್ಯಾಂಪ್ ಬಿಚ್ಚಿ ದವಡೆ ಅದಲು ಬದಲು ಮಾಡಿ ನೋಡಿದ. ಕೂರಲಿಲ್ಲ. ಒಬ್ಬರದು 10.9, ಇನ್ನೊಬ್ಬರದು 11.1. ಮಧ್ಯಾಹ್ನ ಯಾವುದನ್ನು ಯಾವುದಕ್ಕೆ ಹಾಕಿದರೂ ಒಂದೇ ಥರ ಸೊಟ್ಟ ಬರುತ್ತಿತ್ತು. ಈಗ ಪ್ರತಿಯೊಂದೂ ನೆಟ್ಟಗೆ, ಆದರೆ ತನ್ನ ಜೋಡಿಯ ಜತೆ ಮಾತ್ರ.

ಬೆರೆತು ಹೋಗದಿರಲಿ ಅಂತ ಮೇಷ್ಟ್ರು ನಂಬರ್ ಪಂಚಿನ ಡಬ್ಬಿ ತೆಗೆಸಿದರು. 1ರಿಂದ 5ರವರೆಗೆ, ಎರಡೂ ದವಡೆಗೆ ಒಂದೊಂದು ಏಟು. ನನಗೆ 4 ಬಂತು. ಹೊಡೆಯಲು ಸುತ್ತಿಗೆ ನನ್ನ ಕೈಗೇ ಕೊಟ್ಟರು. ಮೊದಲನೆಯ ದವಡೆಗೆ ಚೆನ್ನಾಗಿ ಬಿತ್ತು. ಎರಡನೆಯದನ್ನು ಹೊಡೆದು ಜೋಡಿಸಿ ನೋಡಿದರೆ ಅಂಕಿ ತಲೆಕೆಳಗು. ಮತ್ತೆ ಮಗುಚುವುದನ್ನು ಮರೆತಿದ್ದೆ.